ಬೆಳಗಾವಿಯ ಇಂಜಿನಿಯರಿಂಗ್ ಕಂಪನಿಗಳಲ್ಲಿ ಸಂದರ್ಶನ: ಪದೇ ಪದೇ ಕೇಳುವ ಪ್ರಶ್ನೆಗಳು

ಉದ್ಯಮಬಾಗದ ಒಂದು ಮಧ್ಯಮ ಗಾತ್ರದ ಕಂಪನಿಯ ಗುಣಮಟ್ಟ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಹೊಸಬರನ್ನು ತೆಗೆದುಕೊಳ್ಳುವಾಗ ಸಂದರ್ಶನದ ಮೇಜಿಗೆ ನನ್ನನ್ನೂ ಕರೆಯುತ್ತಾರೆ. ಡಿಪ್ಲೊಮಾ ಅಥವಾ ಬಿ.ಇ. ಮುಗಿಸಿದವರು, ಕೆಲವೊಮ್ಮೆ ಅವರ ತಂದೆಯವರು, ಫೋನಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ ನಿಲ್ದಾಣದಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಮೆಕ್ಯಾನಿಕಲ್, ಪ್ರೊಡಕ್ಷನ್ ಮತ್ತು ಅವುಗಳಿಗೆ ಹತ್ತಿರದ ವಿಭಾಗಗಳವರಿಗೆ ಇದು ಹೆಚ್ಚು ಉಪಯೋಗಕ್ಕೆ ಬರಬಹುದು. ಸಾಫ್ಟ್‌ವೇರ್ ಸಂದರ್ಶನಗಳ ದಾರಿಯೇ ಬೇರೆ, ಅದರಲ್ಲಿ ನಾನು ಕೈ ಹಾಕುವುದಿಲ್ಲ.

ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಕಂಪನಿ ಎಂದರೆ ಯಾವ ಬಗೆಯದು?

ಸಂದರ್ಶನಕ್ಕೆ ಬರುವ ಮೊದಲು ಇದನ್ನು ತಿಳಿದುಕೊಂಡು ಬರುವವರು ಕಡಿಮೆ. ಇಲ್ಲಿನ ಹಳೆಯ ಬಲ ಎರಕದ್ದು. ಬೂದು ಕಬ್ಬಿಣ ಮತ್ತು ಎಸ್‌ಜಿ (ಗುಂಡು ಗ್ರಾಫೈಟಿನ) ಕಬ್ಬಿಣದ ಫೌಂಡ್ರಿಗಳು, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳು, ಅವುಗಳಿಗೆ ಹೊಂದಿಕೊಂಡು ಬೆಳೆದ ಮಷಿನ್ ಶಾಪ್‌ಗಳು, ಪ್ಯಾಟರ್ನ್ (ಮರಳಿನ ಅಚ್ಚು ತೆಗೆಯುವ ಮಾದರಿ) ಮಾಡುವ ಸಣ್ಣ ಘಟಕಗಳು, ಹೈಡ್ರಾಲಿಕ್ ಪಂಪು ಮತ್ತು ವಾಲ್ವ್ ತಯಾರಿಸುವವರು ಖಾನಾಪುರ ರಸ್ತೆಯ ಉದ್ಯಮಬಾಗ ಮತ್ತು ಮಚ್ಛೆಯ ಸುತ್ತ ಹರಡಿದ್ದಾರೆ. ಹೆದ್ದಾರಿಯ ಮೇಲೆ ಕೊಲ್ಹಾಪುರದ ಕಡೆಗೆ ಹೋದರೆ ಹತ್ತರಗಿಯಲ್ಲಿ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯವಿದ್ದು, ಅಲ್ಲಿ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತವೆ. ವಾಹನ ಬಿಡಿಭಾಗ ಮಾಡುವವರಲ್ಲಿ ಐಎಟಿಎಫ್ 16949, ವಿಮಾನ ಬಿಡಿಭಾಗ ಮಾಡುವವರಲ್ಲಿ ಎಎಸ್ 9100 ಎಂಬ ಗುಣಮಟ್ಟದ ಮಾನದಂಡಗಳ ಮಾತು ಬರುತ್ತದೆ. ನೀವು ಹೋಗುತ್ತಿರುವ ಕಂಪನಿ ಎರಕ ಹೊಯ್ಯುತ್ತದೆಯೋ, ಬೇರೆಯವರು ಹೊಯ್ದ ಎರಕವನ್ನು ತಂದು ಮಷಿನಿಂಗ್ ಮಾಡುತ್ತದೆಯೋ, ಬಿಡಿಭಾಗಗಳನ್ನು ಜೋಡಿಸಿ ಪೂರ್ತಿ ವಸ್ತುವನ್ನೇ ಮಾರುತ್ತದೆಯೋ ಎಂಬ ಒಂದು ಸಂಗತಿ ಗೊತ್ತಿದ್ದರೂ ನಿಮ್ಮ ಅರ್ಧ ತಯಾರಿಗೆ ದಿಕ್ಕು ಸಿಗುತ್ತದೆ. ಫೌಂಡ್ರಿಯ ಸಂದರ್ಶನಕ್ಕೆ ಬಂದು ಥರ್ಮೊಡೈನಾಮಿಕ್ಸ್ ನನ್ನ ಇಷ್ಟದ ವಿಷಯ ಎಂದವರನ್ನು ನಾನು ನೋಡಿದ್ದೇನೆ. ಅದು ತಪ್ಪಲ್ಲ. ಆದರೆ ಎದುರಿಗೆ ಕುಳಿತವರಿಗೆ ಮುಂದೆ ಏನು ಕೇಳಬೇಕೆಂದು ತೋಚುವುದಿಲ್ಲ.

ಒಟ್ಟು ಎಷ್ಟು ಸುತ್ತುಗಳಿರುತ್ತವೆ?

ದೊಡ್ಡ ಕಂಪನಿಗಳಲ್ಲಿ ಬರಹದ ಪರೀಕ್ಷೆ, ತಾಂತ್ರಿಕ ಸಂದರ್ಶನ, ಎಚ್‌ಆರ್ ಮಾತುಕತೆ ಎಂಬ ಕ್ರಮವಿರುತ್ತದೆ. ಸಣ್ಣ ಕಂಪನಿಗಳಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಅರ್ಧ ಗಂಟೆ ಮಾತನಾಡಿಸಿ ನೇರವಾಗಿ ಮಾಲಕರ ಕೋಣೆಗೆ ಕಳಿಸುತ್ತಾರೆ. ಮಾಲಕರು ತಾಂತ್ರಿಕ ಪ್ರಶ್ನೆ ಕೇಳುವುದು ಅಪರೂಪ. ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ, ಎಷ್ಟು ವರ್ಷ ಇರುತ್ತೀರಿ ಎಂದು ವಿಚಾರಿಸುತ್ತಾರೆ. ಇದನ್ನು ಹರಟೆ ಎಂದುಕೊಳ್ಳಬೇಡಿ, ನಿರ್ಧಾರವಾಗುವುದು ಅಲ್ಲಿಯೇ.

ಕೈಗೆ ಮೈಕ್ರೋಮೀಟರ್ ಕೊಟ್ಟು ಅಳೆಯಲು ಹೇಳುತ್ತಾರಂತೆ, ನಿಜವೇ?

ನಿಜ, ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ. ನಾನು ಮೊದಲ ಸಂದರ್ಶನದಲ್ಲಿ ಸೋತದ್ದೂ ಇದರಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಂಪನಿಯ ಹೆಸರು ಬೇಡ. ಮೇಜಿನ ಮೇಲೆ ಡ್ರಾಯಿಂಗ್ ಹಾಸಿತ್ತು. ಅದರ ಮೇಲೆ ಎಣ್ಣೆ ಸವರಿದ ಒಂದು ಉಕ್ಕಿನ ಪಿನ್, ಪಕ್ಕದಲ್ಲಿ 0 ರಿಂದ 25 ಮಿಲಿಮೀಟರ್‌ವರೆಗೆ ಅಳೆಯುವ ಮೈಕ್ರೋಮೀಟರ್. ತಲೆ ನರೆತ ಒಬ್ಬ ಹಿರಿಯರು, "ತಗೋರಿ, ಇದರ ಸೈಜ್ ಎಷ್ಟೈತಿ ನೋಡಿ ಹೇಳ್ರಿ, ಇಡೂದೋ ಒಗಿಯೂದೋ?" ಎಂದರು. ನಾನು ಪಿನ್ನನ್ನು ಎತ್ತಿ, ಮೈಕ್ರೋಮೀಟರಿನ ದವಡೆಯ ನಡುವೆ ಇಟ್ಟು, ಬಿಗಿದು, 20.01 ಎಂದು ಓದಿದೆ. ಡ್ರಾಯಿಂಗಿನಲ್ಲಿ 20 ಜಿ6 ಎಂದಿತ್ತು. ಅಂದರೆ ಪಿನ್ 19.980 ಮತ್ತು 19.993ರ ನಡುವೆ ಇರಬೇಕು. "ಓವರ್‌ಸೈಜ್ ಸರ್, ರಿಜೆಕ್ಟ್" ಎಂದೆ, ಬಹಳ ಧೈರ್ಯದಿಂದ. ಅವರು ಏನೂ ಹೇಳದೆ ನನ್ನ ಕೈಯಿಂದ ಮೈಕ್ರೋಮೀಟರ್ ತೆಗೆದುಕೊಂಡು, ದವಡೆಗಳನ್ನು ಬಟ್ಟೆಯಿಂದ ಒರೆಸಿ, ಬಿಗಿ ಹೆಚ್ಚಾದರೆ ತಾನೇ ಜಾರುವ ತುದಿಯ ರ‍್ಯಾಚೆಟ್ ತಿರುಗಿಸಿ ಖಾಲಿಯಾಗಿ ಮುಚ್ಚಿ ನನಗೆ ತೋರಿಸಿದರು. ಸೊನ್ನೆಗೆ ನಿಲ್ಲಬೇಕಾದ ಗೆರೆ 0.02 ಮುಂದೆ ನಿಂತಿತ್ತು. ನಾನು ಓದಿದ 20.01ರಲ್ಲಿ ಆ 0.02 ಕಳೆದರೆ ಪಿನ್ನಿನ ನಿಜವಾದ ಅಳತೆ 19.99. ಪಿನ್ ಸರಿಯಾಗಿತ್ತು, ನಾನು ಒಳ್ಳೆಯ ಮಾಲನ್ನು ಒಗೆದಿದ್ದೆ.

ಶೂನ್ಯ ದೋಷದ ಬಗ್ಗೆ ನನಗೆ ಗೊತ್ತಿರಲಿಲ್ಲವೆಂದಲ್ಲ. ಪಿಯುಸಿ ಭೌತಶಾಸ್ತ್ರದ ಪ್ರಯೋಗಾಲಯದಿಂದಲೂ ಅದರ ಮೇಲೆ ಲೆಕ್ಕ ಮಾಡಿದ್ದೆ, ಪರೀಕ್ಷೆಯಲ್ಲಿ ಅಂಕ ಪಡೆದಿದ್ದೆ. ಗೊತ್ತಿದ್ದದ್ದು ಕೈಗೆ ಇಳಿದಿರಲಿಲ್ಲ ಅಷ್ಟೇ. ಈಗ ನಾನು ಇದೇ ಪ್ರಶ್ನೆಯನ್ನು ಕೇಳುವಾಗ ಅಭ್ಯರ್ಥಿ ಹೇಳುವ ಅಂಕಿಗಿಂತ ಮೊದಲು ಅವರ ಕೈಯನ್ನು ನೋಡುತ್ತೇನೆ: ಪಿನ್ನಿನ ಎಣ್ಣೆ, ಧೂಳು ಒರೆಸಿದರೇ, ಉಪಕರಣವನ್ನು ಮುಚ್ಚಿ ಸೊನ್ನೆ ನೋಡಿದರೇ, ರ‍್ಯಾಚೆಟ್‌ನಿಂದ ಬಿಗಿದರೇ ಅಥವಾ ನಲ್ಲಿ ತಿರುಗಿಸಿದಂತೆ ತಿಂಬಲನ್ನೇ (ತಿರುಗುವ ಕೊಳವೆಯನ್ನೇ) ಹಿಡಿದು ಬಿಗಿದರೇ, ಒಂದೇ ಕಡೆ ಅಳೆದರೇ ಅಥವಾ ಪಿನ್ನನ್ನು ತಿರುಗಿಸಿ ಎರಡು ಮೂರು ಕಡೆ ನೋಡಿದರೇ. ವರ್ನಿಯರ್ ಕೊಟ್ಟರೂ ಇದೇ ಮಾತು. ಸಾಮಾನ್ಯ ವರ್ನಿಯರಿನ ಕನಿಷ್ಠ ಅಳತೆ 0.02 ಮಿಲಿಮೀಟರ್, ಹಾಗಿರುವಾಗ 0.013 ಮಿಲಿಮೀಟರಿನ ಸಹಿಷ್ಣುತೆಯ (ಅಳತೆಯಲ್ಲಿ ಬಿಡಬಹುದಾದ ವ್ಯತ್ಯಾಸದ) ಪಿನ್ನನ್ನು ವರ್ನಿಯರಿನಿಂದ ಪಾಸು ಮಾಡಲು ಸಾಧ್ಯವೇ ಎಂದು ಮರುಪ್ರಶ್ನೆ ಹಾಕುವ ಅಭ್ಯರ್ಥಿ ಸಿಕ್ಕರೆ, ಆ ದಿನದ ಮಧ್ಯಾಹ್ನದ ಊಟ ನನಗೆ ರುಚಿಸುತ್ತದೆ.

ಮುಂದೆ ಡ್ರಾಯಿಂಗ್ ಇಟ್ಟರೆ ಎಲ್ಲಿಂದ ಓದಬೇಕು?

ಬಲಗಡೆ ಕೆಳಗಿನ ಚೌಕದಿಂದ, ಅಂದರೆ ಟೈಟಲ್ ಬ್ಲಾಕಿನಿಂದ. ವಸ್ತು ಯಾವುದು, ಲೋಹ ಯಾವುದು, ಅಳತೆ ಯಾವ ಮಾನದಲ್ಲಿದೆ, ಪ್ರೊಜೆಕ್ಷನ್, ಅಂದರೆ ವಸ್ತುವಿನ ನೋಟಗಳನ್ನು ಕಾಗದದ ಮೇಲೆ ಜೋಡಿಸಿದ ಕ್ರಮ, ಯಾವುದು, ಪರಿಷ್ಕರಣೆಯ ಸಂಖ್ಯೆ ಎಷ್ಟು ಎಂಬುದೆಲ್ಲ ಅಲ್ಲಿರುತ್ತದೆ. ನಮ್ಮಲ್ಲಿ ಕಲಿಸುವುದು ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್. ಅಮೆರಿಕದ ಗ್ರಾಹಕರ ಡ್ರಾಯಿಂಗ್ ಥರ್ಡ್ ಆ್ಯಂಗಲ್‌ನಲ್ಲಿರುತ್ತದೆ. ಇದು ಯಾವುದೆಂದು ತಿಳಿಸುವ ಮೊಟಕು ಶಂಕುವಿನ ಚಿಹ್ನೆಯನ್ನು ನೋಡದೆ ಓದಿದರೆ ಎಡಕ್ಕೆ ಬರಬೇಕಾದ ರಂಧ್ರ ಬಲಕ್ಕೆ ಬರುತ್ತದೆ. ಇದು ಸಂದರ್ಶನದಲ್ಲಷ್ಟೇ ಆಗುವ ತಪ್ಪಲ್ಲ, ಕಾರ್ಖಾನೆಯಲ್ಲಿ ಲಾಟಿಗೆ ಲಾಟೇ ಭಂಗಾರವಾಗಲು, ಅಂದರೆ ಗುಜರಿಗೆ ಹೋಗಲು, ಇಷ್ಟು ಸಾಕು.

ಮುಂದಿನದು ಫಿಟ್ಟುಗಳ ಪ್ರಶ್ನೆ. 20 ಎಚ್7 ರಂಧ್ರದಲ್ಲಿ 20 ಜಿ6 ಪಿನ್ ಕೂರಿಸಿದರೆ ಸಡಿಲ ಎಷ್ಟು ಎಂದು ಕೇಳುತ್ತಾರೆ. ರಂಧ್ರ 20.000 ರಿಂದ 20.021, ಪಿನ್ 19.980 ರಿಂದ 19.993, ಆದ್ದರಿಂದ ಅತಿ ಕಡಿಮೆ ಸಡಿಲ 7 ಮೈಕ್ರಾನ್, ಅತಿ ಹೆಚ್ಚು 41 ಮೈಕ್ರಾನ್. ಈ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಬರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ, ಪಟ್ಟಿ ಮೇಜಿನ ಮೇಲೆಯೇ ಇರುತ್ತದೆ. ಆದರೆ ಪಟ್ಟಿ ಕೊಟ್ಟ ಮೇಲೂ ಕಡಿಮೆ ಸಡಿಲಕ್ಕೆ ಸಣ್ಣ ರಂಧ್ರದಿಂದ ದಪ್ಪ ಪಿನ್ನನ್ನು ಕಳೆಯಬೇಕೆಂಬುದು ಹೊಳೆಯದಿದ್ದರೆ ಕಷ್ಟ. ಇದರ ಬೆನ್ನಿಗೇ ಗೋ ಮತ್ತು ನೋ ಗೋ ಗೇಜಿನ ಪ್ರಶ್ನೆ ಬರುತ್ತದೆ. ಗೋ ತುದಿ ರಂಧ್ರದೊಳಗೆ ಹೋಗಬೇಕು, ನೋ ಗೋ ತುದಿ ಹೋಗಬಾರದು. ಇದೇ ರಂಧ್ರಕ್ಕೆ ಪ್ಲಗ್ ಗೇಜಿನ ಗೋ ತುದಿ 20.000ಕ್ಕೆ, ನೋ ಗೋ ತುದಿ 20.021ಕ್ಕೆ ಸಂಬಂಧಿಸಿದ್ದು, ಹತ್ತರಲ್ಲಿ ಆರು ಜನ ಇದನ್ನು ಅದಲು ಬದಲು ಮಾಡುತ್ತಾರೆ. ಈ ಹತ್ತರಲ್ಲಿ ಆರು ಎಂಬುದು ನನ್ನ ಮೇಜಿನ ಅಂದಾಜು ಮಾತ್ರ.

ಫೌಂಡ್ರಿಯ ಸಂದರ್ಶನಕ್ಕೆ ಏನನ್ನು ಓದಿಕೊಂಡು ಹೋಗಬೇಕು?

ಓದುವುದಕ್ಕಿಂತ ಮೊದಲು ಒಂದು ಫೌಂಡ್ರಿಯ ಒಳಗೆ ಕಾಲಿಟ್ಟು ಬನ್ನಿ. ಪರಿಚಯದವರ ಮೂಲಕ ಕೇಳಿಕೊಂಡರೆ ಒಂದು ಪಾಳಿ ನಿಂತು ನೋಡಲು ಬಿಡುವವರು ಬೆಳಗಾವಿಯಲ್ಲಿ ಇನ್ನೂ ಇದ್ದಾರೆ. ಅಚ್ಚು ಮಾಡುವ ಗ್ರೀನ್ ಸ್ಯಾಂಡ್ ಎಂದರೆ ಹಸಿರು ಬಣ್ಣದ ಮರಳಲ್ಲ, ಹಸಿ ಮರಳು ಎಂಬುದು ಅಲ್ಲಿ ಐದು ನಿಮಿಷದಲ್ಲಿ ತಿಳಿಯುತ್ತದೆ. ಸಿಲಿಕಾ ಮರಳು, ಬೆಂಟೊನೈಟ್ ಮಣ್ಣು, ಕಲ್ಲಿದ್ದಲ ಪುಡಿ ಮತ್ತು ಶೇ. 3–4ರಷ್ಟು ನೀರು ಸೇರಿಸಿ ಕಲಸಿದ ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಬೆರಳಿನ ಗುರುತು ಮೂಡಿ ಉಂಡೆ ಹಾಗೆಯೇ ನಿಲ್ಲುತ್ತದೆ. ಪ್ರಯೋಗಾಲಯದಲ್ಲಿ ತೇವಾಂಶ ಅಳೆಯುವ ಯಂತ್ರವಿದ್ದರೂ ಹಳೆಯ ಮೋಲ್ಡರುಗಳು ಇಂದಿಗೂ ಮೊದಲು ಮುಷ್ಟಿ ಕಟ್ಟಿಯೇ ನೋಡುತ್ತಾರೆ.

ಪ್ರಶ್ನೆಗಳು ಹೆಚ್ಚಾಗಿ ಮೂರು ಕಡೆ ಸುತ್ತುತ್ತವೆ. ಲೋಹದ ಹೆಸರು ಮೊದಲನೆಯದು: ಎಫ್‌ಜಿ 260 ಎಂದರೆ ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 260 ನ್ಯೂಟನ್ ಕರ್ಷಣ ಬಲ ತಾಳುವ ಬೂದು ಕಬ್ಬಿಣ, ಎಸ್‌ಜಿ 500/7 ಎಂದರೆ 500 ನ್ಯೂಟನ್ ಬಲದ ಜೊತೆಗೆ ಕನಿಷ್ಠ ಶೇ. 7ರಷ್ಟು ಹಿಗ್ಗುವ ಗುಣವುಳ್ಳದ್ದು. ಬೂದು ಕಬ್ಬಿಣದಲ್ಲಿ ಗ್ರಾಫೈಟು ಎಸಳು ಎಸಳಾಗಿರುತ್ತದೆ, ಎಸಳಿನ ತುದಿಯಿಂದಲೇ ಬಿರುಕು ಹುಟ್ಟುತ್ತದೆ. ಮ್ಯಾಗ್ನೀಸಿಯಂ ಬೆರೆಸಿದಾಗ ಅದೇ ಗ್ರಾಫೈಟು ಗುಂಡಾಗುತ್ತದೆ. ಬೆರೆಸಿದ ಮೇಲೆ ಲೋಹವನ್ನು ಬೇಗ ಹೊಯ್ಯದೆ ತಡ ಮಾಡಿದರೆ ಮ್ಯಾಗ್ನೀಸಿಯಂ ಹಾರಿಹೋಗಿ ಗುಂಡು ಕೆಡುತ್ತದೆ ಎಂಬ ಮಾತನ್ನು ನೀವಾಗಿಯೇ ಹೇಳಿದರೆ, ಫರ್ನೇಸಿನ ಬಳಿ ನಿಂತು ಬಂದವರು ಎಂದು ಎದುರಿನವರಿಗೆ ತಿಳಿಯುತ್ತದೆ.

ಎರಡನೆಯದು ಅಲವೆನ್ಸುಗಳು, ಅಂದರೆ ಪ್ಯಾಟರ್ನಿನ ಅಳತೆಯಲ್ಲಿ ಬಿಡುವ ಹೆಚ್ಚುವರಿ. ಬೂದು ಕಬ್ಬಿಣ ತಣಿಯುವಾಗ ಸುಮಾರು ಶೇ. 1ರಷ್ಟು, ಉಕ್ಕು ಸುಮಾರು ಶೇ. 2ರಷ್ಟು ಕುಗ್ಗುವುದರಿಂದ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿ ಮಾಡುತ್ತಾರೆ. ಮಷಿನಿಂಗಿಗೆ ಬೇರೆ ದಪ್ಪ, ಪ್ಯಾಟರ್ನ್ ಮರಳಿನಿಂದ ಹೊರಬರಲು ಬೇರೆ ಇಳಿಜಾರು.

ಮೂರನೆಯದು, ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ: ಕೆಟ್ಟ ಎರಕದ ತುಂಡೊಂದನ್ನು ಕೈಗೆ ಕೊಟ್ಟು ಇದು ಯಾವ ದೋಷ ಎಂದು ಕೇಳುವುದು. ತೂತು ಕಂಡ ಕೂಡಲೇ ಬ್ಲೋ ಹೋಲ್ ಎಂದುಬಿಡಬೇಡಿ. ಬೆಳಕಿಗೆ ಹಿಡಿದು ತೂತಿನ ಒಳಗೋಡೆ ನೋಡಿ. ಗೋಡೆ ನುಣುಪಾಗಿ, ಗುಂಡಗೆ, ಹೊಳೆಯುತ್ತಿದ್ದರೆ ಅದು ಗಾಳಿಯ ಕೆಲಸ. ಮರಳಿನ ತೇವ, ಕೋರಿನ (ಎರಕದ ಒಳಗೆ ಟೊಳ್ಳು ಮಾಡಲು ಇಡುವ ಮರಳಿನ ತುಂಡಿನ) ಹೊಗೆ, ಗಾಳಿ ಹೊರಹೋಗಲು ದಾರಿ ಇಲ್ಲದಿರುವುದು ಕಾರಣವಾಗಿರಬಹುದು. ಗೋಡೆ ಒರಟಾಗಿ, ಹರಳುಗಟ್ಟಿದಂತೆ, ಅಂಕುಡೊಂಕಾಗಿದ್ದರೆ ಮತ್ತು ತೂತು ಇರುವ ಜಾಗ ಎರಕದ ದಪ್ಪ ಭಾಗವಾಗಿದ್ದರೆ ಅದು ಕುಗ್ಗುವಿಕೆಯ ದೋಷ. ಕೊನೆಗೆ ಗಟ್ಟಿಯಾಗುವ ಜಾಗಕ್ಕೆ ರೈಸರ್, ಅಂದರೆ ಹೆಚ್ಚುವರಿ ಕರಗಿದ ಲೋಹ ನಿಲ್ಲುವ ಅಚ್ಚಿನ ಭಾಗ, ಲೋಹ ಉಣಿಸಲಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ, ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ರಿಜೆಕ್ಷನ್ ಇಳಿಯುವುದಿಲ್ಲ.

ಮಷಿನ್ ಶಾಪಿನ ಹುದ್ದೆಗೆ ಸಿಎನ್‌ಸಿ ಪ್ರೋಗ್ರಾಮ್ ಬರೆಯಲು ಬರಲೇಬೇಕೇ?

ಜಿ00, ಜಿ01, ಜಿ02, ಜಿ03, ಎಂ03, ಎಂ05, ಎಂ30 ಎಂಬ ಆದೇಶಗಳಲ್ಲಿ, ಅಂದರೆ ಕಂಪ್ಯೂಟರ್ ನಡೆಸುವ ಆ ಯಂತ್ರಕ್ಕೆ ಕೊಡುವ ಸೂಚನೆಗಳಲ್ಲಿ, ಯಾವುದು ಯಾವುದಕ್ಕೆ ಎಂದು ಗೊತ್ತಿರಬೇಕು, ಸಣ್ಣ ಟರ್ನಿಂಗ್ ಪ್ರೋಗ್ರಾಮನ್ನು ನೋಡಿ ಓದಲು ಬರಬೇಕು. 50 ಮಿಲಿಮೀಟರ್ ವ್ಯಾಸದ ಕಂಬಿಯನ್ನು ನಿಮಿಷಕ್ಕೆ 100 ಮೀಟರ್ ವೇಗದಲ್ಲಿ ಕತ್ತರಿಸಲು ಸ್ಪಿಂಡಲ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು ಎಂದರೆ ಸುಮಾರು 637 ಎಂದು ಕಾಗದದ ಮೇಲೆ ಬಿಡಿಸಬೇಕು. ನಾನು ಇಷ್ಟಪಟ್ಟು ಕೇಳುವುದು ಆಫ್‌ಸೆಟ್ ಪ್ರಶ್ನೆ. ಲೇಥಿನಲ್ಲಿ 30.00 ಬರಬೇಕಾದ ಹೊರವ್ಯಾಸ 30.04 ಬಂದಿದೆ, ಎಕ್ಸ್ ದಿಕ್ಕಿನ, ಕತ್ತರಿಸುವ ಉಳಿಯ ಸವೆತ ಸರಿದೂಗಿಸುವ ವೇರ್ ಆಫ್‌ಸೆಟ್‌ನಲ್ಲಿ ಎಷ್ಟು ಕೊಡುತ್ತೀರಿ? ತ್ರಿಜ್ಯದ ಲೆಕ್ಕ ಹಾಕಿ ಮೈನಸ್ 0.02 ಎನ್ನುವವರೇ ಹೆಚ್ಚು. ಸಾಮಾನ್ಯವಾಗಿ ಲೇಥುಗಳು ವ್ಯಾಸದ ಲೆಕ್ಕದಲ್ಲಿಯೇ ನಡೆಯುವುದರಿಂದ ಮೈನಸ್ 0.04 ಸರಿ. ಉದ್ಯಮಬಾಗದಲ್ಲಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ, ಅಂದರೆ ಜಿಟಿಟಿಸಿಯಲ್ಲಿ, ಕಲಿತು ಬಂದ ಡಿಪ್ಲೊಮಾ ಹುಡುಗರು ಇಂಥಲ್ಲಿ ಬಿ.ಇ. ಓದಿದವರನ್ನು ಹಿಂದಿಕ್ಕುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಅವರು ಬಟನ್ ಒತ್ತಿ ಬಂದವರು.

ಗುಣಮಟ್ಟ ವಿಭಾಗಕ್ಕೆ ಯಾವ ಪ್ರಶ್ನೆ?

"ಪುಣೆಯ ಗ್ರಾಹಕರು 500 ಪೀಸುಗಳಲ್ಲಿ 40 ಹಿಂದಕ್ಕೆ ಕಳಿಸಿದ್ದಾರೆ, ಮೊದಲು ಏನು ಮಾಡುತ್ತೀರಿ?" ಬಹಳ ಜನ ನೇರವಾಗಿ ಮೂಲ ಕಾರಣದ ವಿಶ್ಲೇಷಣೆಗೆ ಹಾರುತ್ತಾರೆ, ಕಾರಣಗಳನ್ನು ಕವಲು ಕವಲಾಗಿ ತೋರಿಸುವ ಮೀನಿನ ಮುಳ್ಳಿನ ಚಿತ್ರ ಬರೆಯುತ್ತಾರೆ. ಕಾರಣ ಹುಡುಕುವುದು ನಾಳೆಯ ಕೆಲಸ. ಇಂದು ಸಂಜೆ ಹೊರಡಲಿರುವ ಟೆಂಪೊದಲ್ಲಿ ಇಂಥವೇ ಪೀಸುಗಳಿವೆಯೇ, ಗೋದಾಮಿನಲ್ಲಿ ಎಷ್ಟಿವೆ, ಮಷಿನಿನ ಮೇಲೆ ಈಗ ಓಡುತ್ತಿರುವುದು ಅದೇ ಲಾಟೇ ಎಂದು ನೋಡಿ, ಎಲ್ಲವನ್ನೂ ಬೇರೆ ಎತ್ತಿಡುವುದು ಮೊದಲ ಕೆಲಸ.

ಫೈನಲ್ ಇಯರ್ ಪ್ರಾಜೆಕ್ಟನ್ನು ಹೊರಗೆ ದುಡ್ಡು ಕೊಟ್ಟು ಮಾಡಿಸಿದ್ದೇನೆ. ಏನು ಹೇಳಲಿ?

ಇದನ್ನು ಕೇಳುವವರು ದನಿ ತಗ್ಗಿಸಿ ಕೇಳುತ್ತಾರೆ. ಕೇಳುವ ನಮಗೂ ಇದು ಗೊತ್ತಿರುವ ಸಂಗತಿಯೇ; ಒಂದೇ ಮಾದರಿಯ ಸೌರಶಕ್ತಿಯ ಹುಲ್ಲು ಕತ್ತರಿಸುವ ಯಂತ್ರವನ್ನು ಒಂದೇ ವರ್ಷದಲ್ಲಿ ಮೂರು ಕಾಲೇಜಿನವರ ಬಯೋಡೇಟಾದಲ್ಲಿ ಕಂಡಮೇಲೆ ಯಾರಿಗಾದರೂ ತಿಳಿಯುತ್ತದೆ. ನಾಲ್ವರ ತಂಡದಲ್ಲಿ ನಿಮ್ಮ ಪಾಲು ಎಷ್ಟಿತ್ತೋ ಅಷ್ಟನ್ನೇ ಹೇಳಿ. ವರದಿ ಬರೆದಿದ್ದರೆ ವರದಿ ಬರೆದೆ ಎನ್ನಿ. ಆಮೇಲೆ ಆ ಯಂತ್ರದ ಒಂದು ಭಾಗವನ್ನಾದರೂ ನೀವು ಅಳೆದು, ಬಿಚ್ಚಿ, ಅದು ಯಾಕೆ ಹಾಗಿದೆ ಎಂದು ವಿಚಾರ ಮಾಡಿದ್ದರೆ ಅದರ ಬಗ್ಗೆ ಮಾತು ತಿರುಗಿಸಿ. ಒಬ್ಬ ವಿದ್ಯಾರ್ಥಿನಿ ಸರಪಳಿ ಯಾಕೆ ಕಳಚುತ್ತಿತ್ತು, ಅದನ್ನು ಬಿಗಿಗೊಳಿಸಲು ಗ್ಯಾರೇಜಿನಿಂದ ಹಳೆಯ ಬೈಕಿನ ಬಿಡಿಭಾಗ ತಂದು ಹೇಗೆ ಕೂರಿಸಿದೆವು ಎಂದು ಹತ್ತು ನಿಮಿಷ ವಿವರಿಸಿದರು. ಉಳಿದ ಪ್ರಾಜೆಕ್ಟ್ ಯಾರದೆಂದು ನಾವು ಕೇಳಲೇ ಇಲ್ಲ. ವಿಟಿಯು ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಇದ್ದೇ ಇರುವುದರಿಂದ, ಪ್ರಮಾಣಪತ್ರ ಮಾತ್ರ ತಂದು ಮನೆಯಲ್ಲಿ ಕೂರುವ ಬದಲು ಆ ವಾರಗಳನ್ನು ನಿಜವಾಗಿ ಶಾಪಿನಲ್ಲಿ ಕಳೆದರೆ ಈ ಸಂಕಟವೇ ಹುಟ್ಟುವುದಿಲ್ಲ.

ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ, ಮರಾಠಿಯಂತೂ ಬರುವುದೇ ಇಲ್ಲ. ತೊಂದರೆಯೇ?

ವಿಜಯಪುರ, ಬಾಗಲಕೋಟೆಯ ಹಳ್ಳಿಗಳಿಂದ ಬರುವವರು ಇದನ್ನು ಹೆಚ್ಚು ಕೇಳುತ್ತಾರೆ. ಬೆಳಗಾವಿಯ ಶಾಪ್ ಫ್ಲೋರಿನಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಒಂದೇ ವಾಕ್ಯದಲ್ಲಿ ಓಡುತ್ತವೆ, ನಡುವೆ ಯಂತ್ರದ ಹೆಸರುಗಳೆಲ್ಲ ಇಂಗ್ಲಿಷ್. ಮರಾಠಿ ಸೇರಿದ ಮೇಲೆ ಆರು ತಿಂಗಳಲ್ಲಿ ಕಿವಿಗೆ ಬೀಳುತ್ತದೆ, ಅದು ಬಾರದೆಂದು ಯಾರನ್ನೂ ನಾವು ಬಿಟ್ಟದ್ದಿಲ್ಲ. ಇಂಗ್ಲಿಷಿನ ಮಾತು ಸ್ವಲ್ಪ ಬೇರೆ. ಗ್ರಾಹಕರ ಮೇಲ್ ಓದಿ ಅರ್ಥ ಮಾಡಿಕೊಳ್ಳಲು ಮತ್ತು ನಾಲ್ಕು ಸಾಲಿನ ಉತ್ತರ ಬರೆಯಲು ಬರಬೇಕು. ಗ್ರಾಹಕರನ್ನು ನೇರವಾಗಿ ಎದುರಿಸುವ ಹುದ್ದೆಯಾದರೆ ಮಾತನಾಡಲೂ ಬರಬೇಕು. ಸಂದರ್ಶನದ ನಡುವೆ ಮಾತು ತಡವರಿಸಿದರೆ, "ಸರ್, ಇದನ್ನು ಕನ್ನಡದಾಗ ಹೇಳ್ಲೇನ್ರಿ?" ಎಂದು ಕೇಳಿ. ನಮ್ಮ ಮೇಜಿನಲ್ಲಿ ಇದುವರೆಗೆ ಬೇಡ ಎಂದವರಿಲ್ಲ. ಮಾತು ಕನ್ನಡಕ್ಕೆ ತಿರುಗಿದ ಕೂಡಲೇ ಕುರ್ಚಿಯ ತುದಿಯಲ್ಲಿದ್ದವರು ಹಿಂದಕ್ಕೆ ಸರಿದು ಕುಳಿತು, ರೈಸರ್ ಎಲ್ಲಿಡಬೇಕೆಂದು ಕೈಯಿಂದ ಗಾಳಿಯಲ್ಲಿ ಚಿತ್ರ ಬರೆದು ತೋರಿಸಿದ್ದನ್ನು ನೋಡಿದ್ದೇನೆ.

ಗೊತ್ತಿಲ್ಲದ ಪ್ರಶ್ನೆ ಬಂದರೆ?

ಗೊತ್ತಿಲ್ಲ ಎಂದು ಹೇಳಿ. ಆದರೆ ಅಲ್ಲಿಗೇ ನಿಲ್ಲಿಸದೆ, ಅದನ್ನು ತಿಳಿಯಲು ಏನನ್ನು ಅಳೆಯುತ್ತೀರಿ, ಯಾರನ್ನು ಕೇಳುತ್ತೀರಿ ಎಂದು ಇನ್ನೊಂದು ವಾಕ್ಯ ಸೇರಿಸಿ.

ವಶೀಲಿ ಇಲ್ಲದೆ ಕೆಲಸ ಸಿಗುತ್ತದೆಯೇ?

ಕರೆ ಬರುವುದಕ್ಕೆ ಪರಿಚಯ ನೆರವಾಗುತ್ತದೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸಣ್ಣ ಕಂಪನಿಗಳು ಜಾಹೀರಾತು ಕೊಡುವುದೇ ಕಡಿಮೆ; ಕೆಲಸದಲ್ಲಿರುವವರನ್ನೇ, ನಿಮ್ಮ ಕಡೆ ಯಾರಾದರೂ ಒಳ್ಳೆಯ ಹುಡುಗರಿದ್ದಾರೇನು ಎಂದು ಕೇಳುತ್ತವೆ. ಯಾರ ಪರಿಚಯವೂ ಇಲ್ಲದವರು ಬಯೋಡೇಟಾದ ಪ್ರತಿಗಳನ್ನು ಹಿಡಿದು ಗೇಟಿನಿಂದ ಗೇಟಿಗೆ ತಿರುಗುವುದು ಇಂದಿಗೂ ಫಲ ಕೊಡುವ ದಾರಿಯಾಗಿದೆ. ಬೆಳಗಿನ ಪಾಳಿಯ ಗದ್ದಲ ಮುಗಿದ ಮೇಲೆ, ಹತ್ತು ಹತ್ತೂವರೆಯ ಸುಮಾರಿಗೆ ಹೋಗಿ. ಏಳೂವರೆಗೆ ಹೋದರೆ ವಾಚ್‌ಮನ್ ಹೊರಗೇ ನಿಲ್ಲಿಸುತ್ತಾರೆ.

ಶಾಪ್ ಫ್ಲೋರಿನ ಹುದ್ದೆಗೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆಯೇ?

ಗುಣಮಟ್ಟ, ವಿನ್ಯಾಸ, ಯೋಜನೆ ವಿಭಾಗಗಳಲ್ಲಿ ಸಾಕಷ್ಟು ಜನ ಇದ್ದಾರೆ, ಮಷಿನಿಂಗ್ ಮತ್ತು ಜೋಡಣೆಯಲ್ಲಿಯೂ ಹೆಚ್ಚುತ್ತಿದ್ದಾರೆ. ಫೌಂಡ್ರಿಯಲ್ಲಿ ಈಗಲೂ ವಿರಳ. ಮದುವೆ ಯಾವಾಗ, ಮದುವೆಯಾದ ಮೇಲೆ ಇರುತ್ತೀರಾ ಎಂಬ ಪ್ರಶ್ನೆಯನ್ನು ಕೆಲವರು ಇನ್ನೂ ಕೇಳುತ್ತಾರೆ. ಹುಡುಗರನ್ನು ಕೇಳದ ಪ್ರಶ್ನೆಯನ್ನು ಹುಡುಗಿಯರನ್ನು ಕೇಳುವುದು ಸರಿಯಲ್ಲ ಎಂದು ನಾನು ನಮ್ಮ ಕೋಣೆಯಲ್ಲಿ ಹೇಳಿ ಜಗಳವಾಡಿದ್ದೂ ಇದೆ. ನೀವು ಕೂಡ ತಿರುಗಿ ಕೇಳಬೇಕಾದ ಪ್ರಶ್ನೆಗಳಿವೆ: ಪಾಳಿ ಯಾವುದು, ರಾತ್ರಿ ಪಾಳಿ ಇದ್ದರೆ ಮನೆಯವರೆಗೆ ವಾಹನ ಕೊಡುತ್ತೀರಾ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಇರಬೇಕಾದ ಆಂತರಿಕ ಸಮಿತಿ ಇದೆಯೇ, ಶಾಪಿನ ಹತ್ತಿರ ಶೌಚಾಲಯ ಎಲ್ಲಿದೆ. ಕೊನೆಯ ಪ್ರಶ್ನೆಯನ್ನು ಸಂಕೋಚದಿಂದ ಬಿಟ್ಟು, ಸೇರಿದ ಮೇಲೆ ದಿನವಿಡೀ ನೀರು ಕುಡಿಯದೆ ಇದ್ದವರೊಬ್ಬರ ಮಾತು ಕೇಳಿದ ಮೇಲೆ ಇದನ್ನು ಇಲ್ಲಿ ಬರೆಯಲೇಬೇಕೆನ್ನಿಸಿತು.

"ಪಗಾರ ಎಷ್ಟ್ ನಿರೀಕ್ಷಾ ಐತ್ರಿ?" ಎಂದರೆ ಏನು ಹೇಳಬೇಕು?

ಮೊದಲು ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಮತ್ತು ಕೈಗೆ ಬರುವ ಪಗಾರದ ನಡುವಿನ ಅಂತರ ತಿಳಿದಿರಲಿ. ಒಂದು ಉದಾಹರಣೆ ನೋಡೋಣ. ವರ್ಷಕ್ಕೆ 2,40,000 ಎಂದು ಪತ್ರದಲ್ಲಿ ಬರೆದರೆ ತಿಂಗಳಿಗೆ 20,000 ಬರುತ್ತದೆಂದು ಮನೆಯಲ್ಲಿ ಹೇಳಿಬಿಡಬೇಡಿ. ಮೂಲ ವೇತನ 12,000 ಇದ್ದರೆ ಕಂಪನಿ ಕಟ್ಟುವ ಶೇ. 12ರ ಪಿಎಫ್ 1,440 ರೂಪಾಯಿ ಆ 20,000ದ ಒಳಗೇ ಸೇರಿರುತ್ತದೆ. ಪಗಾರ 21,000ದ ಒಳಗಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯವಾಗಿ ಕಂಪನಿಯ ಪಾಲು ಶೇ. 3.25 ಕೂಡ ಅದರಲ್ಲಿಯೇ ಸೇರುತ್ತದೆ. ಹೀಗೆ ಪಗಾರದ ಚೀಟಿಯಲ್ಲಿ ಕಾಣುವ ಒಟ್ಟು ಮೊತ್ತ 18,000ದ ಆಸುಪಾಸಿಗೆ ಇಳಿಯುತ್ತದೆ. ಅದರಿಂದ ನಿಮ್ಮ ಪಾಲಿನ ಪಿಎಫ್ 1,440 ಮತ್ತು ಇಎಸ್‌ಐ ಶೇ. 0.75 ಕಳೆದರೆ ಬ್ಯಾಂಕ್ ಖಾತೆಗೆ ಬೀಳುವುದು ಸುಮಾರು 16,400. ಕಡಿತವಾದ ಪಿಎಫ್ ನಿಮ್ಮ ಹಣವೇ, ಇಎಸ್‌ಐನಿಂದ ಮನೆಯವರ ಚಿಕಿತ್ಸೆಗೂ ಅನುಕೂಲವಿದೆ. ಆದ್ದರಿಂದ ಇವನ್ನು ನಷ್ಟವೆಂದು ತಿಳಿಯಬಾರದು. ಆದರೆ ಬಾಡಿಗೆ ಕೊಡುವುದು ಆ 16,400ರಿಂದಲೇ. ಹೊಸಬರು ಅಂಕಿ ಹೇಳುವ ಮೊದಲು, "ನಿಮ್ಮಲ್ಲಿ ಹೊಸಬರಿಗೆ ಎಷ್ಟು ಕೊಡುವ ಪದ್ಧತಿ ಇದೆ, ಒಂದು ವರ್ಷದ ಮೇಲೆ ಎಷ್ಟಾಗುತ್ತದೆ?" ಎಂದು ಕೇಳುವುದು ಮರ್ಯಾದೆಯೂ ಹೌದು, ಜಾಣತನವೂ ಹೌದು. ಕ್ಯಾಂಟೀನ್, ಬಸ್ಸು, ಓವರ್‌ಟೈಮ್ ಲೆಕ್ಕವನ್ನೂ ಅಲ್ಲಿಯೇ ಕೇಳಿ.

ಬಾಂಡ್ ಬರೆದುಕೊಡಲು, ಮೂಲ ಅಂಕಪಟ್ಟಿ ಒಪ್ಪಿಸಲು ಹೇಳಿದರೆ?

ಮೂಲ ಅಂಕಪಟ್ಟಿಗಳನ್ನು ತೋರಿಸಿ, ನಕಲು ಕೊಡಿ, ಮೂಲವನ್ನು ಮರಳಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಇದರಲ್ಲಿ ರಾಜಿ ಬೇಡವೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಬಾಂಡಿನ ವಿಚಾರ ಇಷ್ಟು ಸರಳವಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೆಯ ಕಲಮು ಒಬ್ಬರ ಉದ್ಯೋಗ, ವ್ಯಾಪಾರವನ್ನು ತಡೆಯುವ ಒಪ್ಪಂದಗಳನ್ನು ಅಸಿಂಧು ಎನ್ನುತ್ತದೆ. ಆದರೆ ಕಂಪನಿ ನಿಜವಾಗಿ ಹಣ ಖರ್ಚು ಮಾಡಿ ತರಬೇತಿ ಕೊಟ್ಟಿದ್ದರೆ 74ನೆಯ ಕಲಮಿನ ಅಡಿಯಲ್ಲಿ ಸಮಂಜಸವಾದ ಪರಿಹಾರ ಕೇಳುವ ಅವಕಾಶವೂ ಇದೆ. ಸಹಿ ಹಾಕುವ ಮೊದಲು ಎಷ್ಟು ವರ್ಷ, ಎಷ್ಟು ಹಣ, ಯಾವ ತರಬೇತಿಗೆ ಎಂಬ ಮೂರೂ ಕಾಗದದ ಮೇಲಿದೆಯೇ ಎಂದು ನೋಡಿ, ಒಂದು ಪ್ರತಿ ಕೇಳಿ ಪಡೆಯಿರಿ.

ಕೆಲಸ ಕೊಡಿಸಲು ಠೇವಣಿ ಕೇಳುತ್ತಿದ್ದಾರೆ. ಕೊಡಬಹುದೇ?

ಬೇಡ. ಸಮವಸ್ತ್ರಕ್ಕೆ, ತರಬೇತಿಗೆ, ಲ್ಯಾಪ್‌ಟಾಪಿಗೆ ಎಂದು ಯಾವ ಹೆಸರಿನಲ್ಲಿ ಕೇಳಿದರೂ ಬೇಡ. ಈಗಾಗಲೇ ಆನ್‌ಲೈನಿನಲ್ಲಿ ಹಣ ಹಾಕಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.

ಖಾಯಂ ಕೆಲಸ ಸಿಗುತ್ತಿಲ್ಲ, ಅಪ್ರೆಂಟಿಸ್ ಆಗಿ ಸೇರಲೇ?

ಸೇರಿ. 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ ನೋಂದಾಯಿಸಿಕೊಂಡು, ಒಪ್ಪಂದದ ಪತ್ರ ಪಡೆದು ಸೇರಿದರೆ ಸ್ಟೈಪೆಂಡೂ ಬರುತ್ತದೆ, ಕೊನೆಗೆ ಪ್ರಮಾಣಪತ್ರವೂ ಸಿಗುತ್ತದೆ. ಅವಧಿ ಮುಗಿದ ಮೇಲೆ ಅಲ್ಲಿಯೇ ಇಟ್ಟುಕೊಳ್ಳಬೇಕೆಂಬ ನಿಯಮವಿಲ್ಲ, ಆ ಆಸೆಯ ಮೇಲೆಯೇ ನಿಲ್ಲಬೇಡಿ. ಆದರೆ ಒಂದು ವರ್ಷ ಶಾಪಿನಲ್ಲಿ ನಿಂತವರಿಗೆ ಮೇಲೆ ಹೇಳಿದ ಮೈಕ್ರೋಮೀಟರ್, ಎರಕದ ತುಂಡು, ಆಫ್‌ಸೆಟ್ ಯಾವುದನ್ನೂ ಓದಿ ತಯಾರಾಗಬೇಕಾದ ಅಗತ್ಯ ಬೀಳುವುದಿಲ್ಲ.

ಬಾಗಲಕೋಟೆ, ವಿಜಯಪುರದ ಕಡೆಯೇ ಇರಬೇಕೆಂದರೆ?

ಸಕ್ಕರೆ ಕಾರ್ಖಾನೆಗಳು ಮತ್ತು ಸಿಮೆಂಟ್ ಕಾರ್ಖಾನೆಗಳು ಅಲ್ಲಿವೆ, ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರವಿದೆ. ಅಲ್ಲಿನ ಪ್ರಶ್ನೆಗಳು ಬೇರೆ: ಬಾಯ್ಲರ್, ಟರ್ಬೈನ್, ಪಂಪು, ಬೇರಿಂಗ್, ನಿರ್ವಹಣೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಗಿರಣಿ ನಿಂತರೆ ಎಷ್ಟು ಹೊತ್ತಿನಲ್ಲಿ ಶುರು ಮಾಡುತ್ತೀರಿ ಎಂಬುದೇ ಅವರ ಕಾಳಜಿ, ಏಕೆಂದರೆ ಹೊರಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತವೆ, ಒಳಗೆ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ.

ಎಂಥ ಬಟ್ಟೆ, ಎಂಥ ಬೂಟು?

ಒಗೆದು ಇಸ್ತ್ರಿ ಮಾಡಿದ ಯಾವುದೇ ಬಟ್ಟೆ ನಡೆಯುತ್ತದೆ, ಟೈ ಬೇಡ. ಬೂಟು ಮುಚ್ಚಿದ್ದಾಗಿರಲಿ, ಮಾತಿನ ನಡುವೆ ಎದ್ದು ಶಾಪು ತೋರಿಸುತ್ತೇವೆ ಬನ್ನಿ ಎಂದಾಗ ಚಪ್ಪಲಿ ಹಾಕಿದವರನ್ನು ಒಳಗೆ ಬಿಡಲು ಬರುವುದಿಲ್ಲ.

ಒಮ್ಮೆ ಬೇಡವೆಂದ ಕಂಪನಿಗೆ ಮತ್ತೆ ಹೋಗಬಹುದೇ?

ಅವಶ್ಯವಾಗಿ ಹೋಗಬಹುದು. ಉತ್ತರ ಬರದಿದ್ದರೆ ಹದಿನೈದು ದಿನ ಬಿಟ್ಟು ಒಂದು ಸಲ ಫೋನ್ ಮಾಡಿ ಕೇಳಿ, ಯಾವುದು ಕಡಿಮೆಯಾಯಿತು ಎಂದೂ ವಿಚಾರಿಸಿ. ಎಲ್ಲರೂ ಹೇಳುವುದಿಲ್ಲ, ಕೆಲವರು ಹೇಳುತ್ತಾರೆ. ಮತ್ತೆ ಹೋದಾಗ ಹಿಂದೆ ಬಂದಿದ್ದೆ ಎಂಬುದನ್ನು ಮುಚ್ಚಿಡಬೇಡಿ, ನಮ್ಮಲ್ಲಿ ಹಳೆಯ ಅರ್ಜಿಗಳ ಕಡತವಿರುತ್ತದೆ. ಗೋಕಾಕ ಕಡೆಯ ಒಬ್ಬ ಹುಡುಗ ಮೊದಲ ಸಲ ಬಂದಾಗ ಪಿನ್ನನ್ನು ನನ್ನಂತೆಯೇ ತಪ್ಪಾಗಿ ಅಳೆದು ಹೋಗಿದ್ದ. ಹತ್ತು ತಿಂಗಳ ಮೇಲೆ ಮಚ್ಛೆಯ ಒಂದು ಸಣ್ಣ ಮಷಿನ್ ಶಾಪಿನಲ್ಲಿ ಕೆಲಸ ಮಾಡಿ ಮತ್ತೆ ಅರ್ಜಿ ಹಾಕಿದ. ನಾನು ಅದೇ ಪಿನ್ನನ್ನು ಮುಂದಿಟ್ಟೆ. ಅವನು ಪಿನ್ನನ್ನು ಮುಟ್ಟಲಿಲ್ಲ, ಜೇಬಿನಿಂದ ಬಟ್ಟೆಯ ತುಂಡು ತೆಗೆದು ಮೈಕ್ರೋಮೀಟರಿನ ದವಡೆ ಒರೆಸತೊಡಗಿದ. "ಇದರ ಜೀರೋ ಇನ್ನೂ ಹಂಗ ಐತೇನ್ರಿ ಸರ್?" ಎಂದು ಕೇಳಿದ.